ನನ್ನ ಎಡಗೈ ಮತ್ತು ರೈಟರ್

ಆತ ಮೊದಲ ಸಲ ನನ್ನ ಕೋಣೆಗೆ ಬಂದಾಗ ನಾನು ಅಲ್ಲಿರಲಿಲ್ಲ. ನನ್ನ ಎಡಗೈ ಮಾತ್ರ ಇತ್ತು.

ಮೇಜಿನ ಮೇಲೆ, ದಾರದ ಉಂಡೆಗಳ ಪಕ್ಕ, ಕೈಯನ್ನು ಚಾರ್ಜಿಗೆ ಹಾಕಿ ನೀರು ಕುಡಿಯಲು ಹೋಗಿದ್ದೆ. ಎರಡೇ ನಿಮಿಷ. ವಾಪಸು ಬಂದು ನೋಡಿದರೆ ವೈರು ನೇತಾಡುತ್ತಿತ್ತು, ಕೈ ಇರಲಿಲ್ಲ.

ರಂಗಮಂದಿರದ ಹಿಂಭಾಗದಲ್ಲಿ, ಮೆಟ್ಟಿಲ ಕೆಳಗೆ ನನ್ನ ಹೊಲಿಗೆ ಕೋಣೆ. ಅಲ್ಲಿಂದ ಸ್ಟೇಜಿನವರೆಗೆ ಒಂದು ಉದ್ದನೆಯ ಓಣಿ. ಓಣಿಯ ಆ ತುದಿಯಲ್ಲಿ ಕನ್ನಡಕದ ಒಬ್ಬ ಗಂಡಸು ನನ್ನ ಕೈಯನ್ನು ಹೂಕೋಸು ಹಿಡಿದಂತೆ ಹಿಡಿದುಕೊಂಡು ನಮ್ಮ ಡೈರೆಕ್ಟರ್ ಮೇಡಂಗೆ ತೋರಿಸುತ್ತಿದ್ದ.

"ಕೆಲಸ ಚೆನ್ನಾಗಿದೆ ಮೇಡಂ. ಬೆರಳಿನ ಗೆಣ್ಣುಗಳೆಲ್ಲ ಸರಿಯಾಗಿ ಬಂದಿವೆ. ಆದರೆ ಭಯ ಬರಲ್ಲ. ಜನ ಇದನ್ನ ನೋಡಿದ ತಕ್ಷಣ ಬೆಚ್ಚಿಬೀಳಬೇಕು. ಇನ್ನೂ ಸ್ವಲ್ಪ ಕ್ರೂರವಾಗಿ ಮಾಡೋಕಾಗುತ್ತಾ ಅಂತ ಟೈಲರ್‌ನ ಕೇಳಿ."

ಡೈರೆಕ್ಟರ್ ಮೇಡಂ ಹಣೆ ಹಿಡಿದುಕೊಂಡರು. ನಾನು ಓಡಿಹೋಗಿ ಅವರಿಬ್ಬರ ನಡುವೆ ನಿಂತೆ.

"ಟೈಲರ್ ನಾನೇ. ಅದು ನನ್ನ ಕೈ."

"ಗೊತ್ತು, ನಿಮ್ಮ ಕೈಕೆಲಸಾನೇ. ಅದನ್ನೇ ಹೇಳ್ತಿದ್ದೆ, ತುಂಬಾ ನೀಟಾಗಿ..."

"ಕೈಕೆಲಸ ಅಲ್ಲ. ಕೈ."

ಎಡತೋಳಿನ ಮಡಚಿದ ಅಂಗಿಯನ್ನು ಎತ್ತಿ ತೋರಿಸಿದೆ. ಆತನ ಮುಖ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತು. ಆದರೆ ಕೈಯನ್ನು ಬೀಳಿಸಲಿಲ್ಲ. ಆ ಒಂದೇ ಕಾರಣಕ್ಕೆ ಅವತ್ತು ನಾನು ಕಿರುಚಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನೀಡಿದ. "ಕ್ಷಮಿಸಿ," ಅಂದ. ಅದನ್ನೂ ಹೇಳಿದ್ದು ನನ್ನ ಮುಖ ನೋಡಿಕೊಂಡಲ್ಲ, ಕೈಯನ್ನು ನೋಡಿಕೊಂಡು.

ಈತನೇ ನಾಟಕ ಬರೆದವನು ಎಂದು ಡೈರೆಕ್ಟರ್ ಮೇಡಂ ಆಮೇಲೆ ಹೇಳಿದರು. ಎಲ್ಲರೂ ಆತನನ್ನು ರೈಟರ್ ಎಂದೇ ಕರೆಯುತ್ತಿದ್ದರು. ನನಗೆ ಬೇರೆ ಕೆಲವು ಹೆಸರುಗಳು ಹೊಳೆದಿದ್ದವು, ಮನಸ್ಸಲ್ಲೇ ಇಟ್ಟುಕೊಂಡೆ.

ನಾಟಕದ ಕಥೆ ಇಷ್ಟು. ಮುಂದೆ ಯಾವುದೋ ಒಂದು ಕಾಲ. ಜನ ಕಣ್ಣು, ಕಿವಿ, ಕಾಲುಗಳನ್ನು ಒಂದೊಂದಾಗಿ ತೆಗೆಸಿ ಯಂತ್ರ ಹಾಕಿಸಿಕೊಳ್ಳುತ್ತಾರೆ. ಊರಿಗೆಲ್ಲ ಒಂದೇ ಯಂತ್ರಬುದ್ಧಿ, ಅದರ ಹೆಸರು ಪಾಲಕಿ. ನಾಯಕಿ ಮೊದಲು ಒಂದು ಕೈ ಬದಲಿಸುತ್ತಾಳೆ. ಅಲ್ಲಿಂದ ಅವಳ ಮನಸ್ಸು ಕಲ್ಲಾಗುತ್ತ ಹೋಗಿ, ಕೊನೆಗೆ ಗಂಡನ ಗುರುತೇ ಸಿಗದೆ ಅವನನ್ನು ಪಾಲಕಿಗೆ ಒಪ್ಪಿಸಿಬಿಡುತ್ತಾಳೆ. ಕತ್ತಲು. ಪರದೆ.

ಯಂತ್ರಮಾನವರಿಗೆ ಹನ್ನೆರಡು ಬೂದು ಬಣ್ಣದ ಕೋಟುಗಳನ್ನು ನಾನು ಹೊಲಿಯಬೇಕಿತ್ತು. ವೇಷದ ಅಂದಾಜು ಸಿಗಲೆಂದು ಸ್ಕ್ರಿಪ್ಟ್ ಓದಲು ಕೊಟ್ಟರು. ಓದಿದೆ. ಓದಬಾರದಿತ್ತು.

"ಒಂದು ಕೈ ಬದಲಿಸಿದ್ದಕ್ಕೆ ಇಷ್ಟೆಲ್ಲಾನಾ?" ಎಂದು ಕೇಳಿದೆ, ಮರುದಿನ ಆತ ಕೋಣೆಯ ಬಾಗಿಲಲ್ಲಿ ಇಣುಕಿದಾಗ.

"ಅದು ಒಂದು ಸಂಕೇತ," ಅಂದ. "ಕೈ ಅನ್ನೋದು ಇಲ್ಲಿ ಬರೀ ಕೈ ಅಲ್ಲ."

"ನನಗೆ ಬರೀ ಕೈ. ಬಟ್ಟೆ ಹಿಡಿಯೋಕೆ ಇಟ್ಟುಕೊಂಡಿದ್ದೀನಿ."

ಅದು ನಿಜ. ಹತ್ತೊಂಬತ್ತನೇ ವಯಸ್ಸಿನಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ಬಟ್ಟೆ ಕತ್ತರಿಸುವ ಮೆಷಿನ್ನು ನನ್ನ ಎಡಗೈ ತೆಗೆದುಕೊಂಡಿತು. ಈ ಕೈ ಬಂದು ಆರು ವರ್ಷ. ತೋಳಿನ ಸ್ನಾಯು ಬಿಗಿ ಮಾಡಿದರೆ ಬೆರಳು ಮುಚ್ಚುತ್ತದೆ, ಸಡಿಲ ಬಿಟ್ಟರೆ ತೆರೆಯುತ್ತದೆ. ಸೂಜಿ ಹಿಡಿಯಲು ಅದಕ್ಕೆ ಬರುವುದಿಲ್ಲ, ಅದು ಬಲಗೈಯ ಕೆಲಸ. ಬಟ್ಟೆಯನ್ನು ಅಲ್ಲಾಡದಂತೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಒಳಗೆ ಬೆವೆತು ಕೆರೆಯುತ್ತದೆ. ಅದರ ಬಗ್ಗೆ ನನಗೆ ದ್ವೇಷವೂ ಇಲ್ಲ, ಭಕ್ತಿಯೂ ಇಲ್ಲ.

ಆತನಿಗೆ ಇದು ಸಾಲುತ್ತಿರಲಿಲ್ಲ. ದಿನಾ ಹನ್ನೊಂದು ಗಂಟೆಗೆ, ರಿಹರ್ಸಲ್ಲಿನ ಟೀ ವಿರಾಮದಲ್ಲಿ, ಒಂದು ಲೋಟ ಟೀ ನನಗೂ ಹಿಡಿದುಕೊಂಡು ಬಂದು ಹಳೆಯ ಬಟ್ಟೆಯ ಪೆಟ್ಟಿಗೆಯ ಮೇಲೆ ಕೂರುತ್ತಿದ್ದ.

"ಅದು ತಾನಾಗೇ ಅಲ್ಲಾಡುತ್ತಾ?"

"ಬ್ಯಾಟರಿ ಇಳಿದಾಗ, ಸ್ವಲ್ಪ."

"ಆಗ ನಿಮಗೆ ಏನನ್ನಿಸುತ್ತೆ?"

"ಚಾರ್ಜಿಗೆ ಹಾಕಬೇಕು ಅನ್ನಿಸುತ್ತೆ."

ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಏನು ಬರೆದುಕೊಂಡನೋ, ಆ ಶಾಯಿ ಹತ್ತಿದ ಬೆರಳುಗಳಿಗೇ ಗೊತ್ತು.

"ಕೆಲವು ಸಲ ಅದು ನಿಮ್ಮದಾ, ಇಲ್ಲ ನೀವು ಅದರವರಾ ಅಂತ ಅನುಮಾನ ಬರುತ್ತಾ?"

"ನಾನು ಹನ್ನೆರಡು ಕೋಟು ಹೊಲಿಯಬೇಕಾದವಳು. ಏಳಿ, ಲೈನಿಂಗ್ ಬಟ್ಟೆ ಮೇಲೆ ಕೂತಿದ್ದೀರಿ."

ಆತ ಗಾಬರಿಯಿಂದ ಎದ್ದು, ಕೂತ ಜಾಗವನ್ನು ಅಂಗೈಯಲ್ಲಿ ಸವರಿ ಸುಕ್ಕು ಬಿಡಿಸಲು ನೋಡಿದ. ಸುಕ್ಕು ಇನ್ನೂ ಜಾಸ್ತಿಯಾಯಿತು.

ಒಂದು ವಿಚಿತ್ರವನ್ನು ನಾನು ಗಮನಿಸಿದ್ದೆ. ಆತನ ನೋಟ ಮೊದಲು ನನ್ನ ಎಡಗೈಗೆ ಬೀಳುತ್ತಿತ್ತು. ತಪ್ಪು ಅನ್ನಿಸಿ ತಕ್ಷಣ ಸೂರಿಗೆ ಹಾರುತ್ತಿತ್ತು. ಸೂರಿನಲ್ಲಿ ನೋಡುವಂಥದ್ದು ಏನೂ ಇಲ್ಲವಾದ್ದರಿಂದ ಇಳಿದು ಗುಂಡಿಗಳ ಡಬ್ಬಿಗೆ ಬರುತ್ತಿತ್ತು. ಮೂರನೇ ವಾರದಲ್ಲಿ ಒಂದು ದಿನ ಡಬ್ಬಿ ಆ ಜಾಗದಲ್ಲಿ ಇರಲಿಲ್ಲ. ದಾರಿ ತಪ್ಪಿದ ನೋಟ ನನ್ನ ಮುಖದ ಮೇಲೆ ಬಂದು ನಿಂತಿತು. ನೋಡಿದ್ದೇನೋ ಸರಿ, ಆಮೇಲೆ ತೆಗೆಯಬೇಕಲ್ಲ. ತೆಗೆಯಲಿಲ್ಲ. ನನ್ನ ಬಾಯಲ್ಲಿ ಎರಡು ಗುಂಡುಸೂಜಿ ಇದ್ದವು, ಬೈಯಲೂ ಆಗಲಿಲ್ಲ.

ನಾನು ಅಣ್ಣ ಅತ್ತಿಗೆಯ ಜೊತೆ ಇರುವವಳು. ಸಂಜೆ ಮನೆಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ಅತ್ತಿಗೆ ಕೇಳುತ್ತಿದ್ದಳು, "ಇವತ್ತು ಏನಂದ?"

"ಯಂತ್ರಕ್ಕೆ ಬುದ್ಧಿ ಬಂದರೆ ಮೊದಲು ಮರೆಯೋದು ಮನುಷ್ಯರನ್ನಂತೆ. ನಾನು ಅಂದೆ, ಮನುಷ್ಯರಿಗೆ ಬುದ್ಧಿ ಬಂದಾಗಲೂ ಅದೇ ಅಲ್ವಾ ಆಗೋದು ಅಂತ. ಅದನ್ನೂ ಬರೆದುಕೊಂಡ. ತಲೆ ಚಿಟ್ಟು ಹಿಡಿಸ್ತಾನೆ ಅತ್ತಿಗೆ."

"ಬಾಗಿಲು ಹಾಕ್ಕೋ ಹಾಗಿದ್ರೆ."

"ಕೋಣೆಗೆ ಗಾಳಿ ಬೇಡವಾ?"

ಅತ್ತಿಗೆ ಏನೂ ಹೇಳದೆ ತಟ್ಟೆ ಹಾಕಿದಳು. ಏನೂ ಹೇಳದೆ ಇರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಆತನ ಭಯ ಪುಸ್ತಕದ್ದಲ್ಲ ಎಂದು ನನಗೆ ಗೊತ್ತಾದದ್ದು ನಡುವೆ ಒಂದು ಮಧ್ಯಾಹ್ನ. "ಇಷ್ಟು ಹೆದರೋಕೆ ನಿಮಗೇನು ಮಾಡಿದೆ ಯಂತ್ರ?" ಎಂದು ಸುಮ್ಮನೆ ಕೇಳಿದೆ. ಆತ ಲೋಟವನ್ನು ಎರಡೂ ಅಂಗೈಗಳ ನಡುವೆ ತಿರುಗಿಸುತ್ತ ಕೂತ.

"ಹನ್ನೊಂದು ವರ್ಷ ಟ್ರಾನ್ಸ್‌ಲೇಟರ್ ಆಗಿದ್ದೆ. ಮಿಕ್ಸರ್, ವಾಷಿಂಗ್ ಮೆಷಿನ್, ಆಸ್ಪತ್ರೆ ಉಪಕರಣ, ಇಂಥವುಗಳ ಜೊತೆ ಒಂದು ಪುಸ್ತಕ ಬರುತ್ತಲ್ಲ, ಅದನ್ನ ನಮ್ಮ ಭಾಷೆಗೆ ಮಾಡೋ ಕೆಲಸ. ಒಂದು ಸೋಮವಾರ ಹೋದರೆ, ಇನ್ಮೇಲೆ ಅನುವಾದ ಮೆಷಿನ್ ಮಾಡುತ್ತೆ, ನೀವು ಅದರ ತಪ್ಪು ತಿದ್ದಿ ಅಂದರು. ತಿದ್ದಿದೆ. ನಿಷ್ಠೆಯಿಂದ ತಿದ್ದಿದೆ. ನಾನು ತಿದ್ದಿದ್ದನ್ನೆಲ್ಲ ಅದು ಕಲಿತುಕೊಂಡಿತು. ಎಂಟು ತಿಂಗಳಿಗೆ ತಿದ್ದೋಕೆ ಏನೂ ಉಳಿಯಲಿಲ್ಲ."

"ಆಮೇಲೆ?"

"ಆಮೇಲೆ ನಾಟಕ ಬರೆದೆ."

ಆತನ ಕನ್ನಡಕ ಕೇಳಿ ತೆಗೆದುಕೊಂಡು, ಸಡಿಲವಾಗಿದ್ದ ತಿರುಪನ್ನು ಬಿಗಿ ಮಾಡಿ ಕೊಟ್ಟೆ. ಕನ್ನಡಕವಿಲ್ಲದ ಆತನ ಮುಖ ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗಿತ್ತು. ಅದನ್ನು ನೋಡಿದ್ದು ಯಾಕೋ ಆ ದಿನದ ಕೆಲಸಕ್ಕೆ ಅಡ್ಡಿಯಾಯಿತು. ಗುಂಡಿಯ ಎರಡು ಕಾಜಾ ತಪ್ಪು ಜಾಗದಲ್ಲಿ ಕತ್ತರಿಸಿದೆ.

ಇಷ್ಟು ಆದಮೇಲೆ ಆತ ಏನು ಮಾಡಿದ ಎಂದು ಹೇಳಿದರೆ ನನ್ನ ಸಿಟ್ಟು ನಿಮಗೂ ಅರ್ಥವಾಗುತ್ತದೆ.

ಮೊದಲ ಪ್ರದರ್ಶನಕ್ಕೆ ಹತ್ತು ದಿನ ಇತ್ತು. ಡೈರೆಕ್ಟರ್ ಮೇಡಂ ನನ್ನನ್ನು ಸ್ಟೇಜಿಗೆ ಕರೆದರು. ತುಂಬ ಅಕ್ಕರೆಯಿಂದ ಹೆಗಲ ಮೇಲೆ ಕೈ ಹಾಕಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

"ಕೊನೇ ದೃಶ್ಯದಲ್ಲಿ ನೀನು ಬರಬೇಕಮ್ಮ. ಮಾತಿಲ್ಲ ಕತೆಯಿಲ್ಲ. ನಡುವೆ ಬಂದು ನಿಲ್ಲೋದು, ಕೈ ಮೇಲಕ್ಕೆ ಎತ್ತೋದು, ನಿಧಾನವಾಗಿ ಬಿಚ್ಚಿ ಕೆಳಗಿಡೋದು. ನಿಜವಾದ ಯಂತ್ರದ ಕೈ. ಇಡೀ ಹಾಲ್ ನಡುಗಿಹೋಗುತ್ತೆ."

"ಇದು ಯಾರ ಐಡಿಯಾ ಮೇಡಂ?"

ಅವರು ಉತ್ತರ ಕೊಡುವ ಮೊದಲೇ ಮೊದಲ ಸಾಲಿನ ಕುರ್ಚಿಯಿಂದ ಆತ ಎದ್ದು ನಿಂತ. "ನಾನೇ ಹೇಳಿದ್ದು," ಅಂದ. "ಹೋದ ತಿಂಗಳು. ಆಗ ನನಗೆ ನೀವು ಇನ್ನೂ..."

"ನನ್ನನ್ನ ನೋಡಿ ಜನ ನಡುಗಬೇಕಾ?"

ನಾನು ಅಳತೆ ಟೇಪನ್ನು ಕೊರಳಿಂದ ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ನಡೆದೆ. ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ನನ್ನನ್ನು ನೋಡಿ ಅತ್ತಿಗೆ, "ಇವತ್ತು ಏನಂದ?" ಎಂದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹೋದೆ. ಕೋಟುಗಳು ಏನು ತಪ್ಪು ಮಾಡಿದ್ದವು? ಏಳು ಮುಗಿದಿದ್ದವು, ಐದು ಬಾಕಿ. ಆತನ ಜೊತೆ ಮಾತು ಬಿಡುವುದು, ಕೆಲಸ ಮುಗಿಸಿ ಕೊಡುವುದು, ಆಮೇಲೆ ಈ ತಂಡದ ಕಡೆ ತಲೆ ಹಾಕದಿರುವುದು ಎಂದು ಲೆಕ್ಕ ಹಾಕಿ, ಎಂಟನೇ ಕೋಟಿನ ಅಂಚು ಹಿಡಿದು ಕೂತೆ.

ಹತ್ತೂವರೆಗೆ ಫೋನು ಗುಂಯ್ ಅಂದಿತು. ಕೈ ತಯಾರಿಸಿದ ಕಂಪನಿಯಿಂದ ಮೆಸೇಜು: ನಿಮ್ಮ ಸಾಧನದ ಸೇವಾವಧಿ ಮುಕ್ತಾಯಗೊಂಡಿದೆ, ಇಷ್ಟು ದಿನ ನಮ್ಮೊಂದಿಗಿದ್ದುದಕ್ಕೆ ವಂದನೆಗಳು. ಓದಿ ಮುಗಿಸುವಷ್ಟರಲ್ಲಿ ಎಡಗೈ ಮುಷ್ಟಿ ಕಟ್ಟಿತು. ಕೋಟಿನ ಅಂಚು ಮುಷ್ಟಿಯ ಒಳಗೆ. ಸ್ನಾಯು ಬಿಗಿ ಮಾಡಿದೆ, ಸಡಿಲ ಬಿಟ್ಟೆ, ಬೈದೆ, ಬೇಡಿಕೊಂಡೆ. ಆರು ವರ್ಷ ಜೊತೆಗಿದ್ದ ಕೈ, ಹೇಳದೆ ಕೇಳದೆ ನನಗೆ ಕೈಕೊಟ್ಟಿತ್ತು.

ತೋಳಿನಿಂದ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು ಎಳೆದೆ, ಬರಲಿಲ್ಲ. ಕತ್ತರಿ ಹಾಕಿದರೆ ಕೋಟು ಹಾಳು. ನಾನು ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಗ ಆತ ಬಾಗಿಲಿಗೆ ಬಂದ. ಕೈಯಲ್ಲಿ ಟೀ ಇರಲಿಲ್ಲ.

"ಕ್ಷಮೆ ಕೇಳೋಕೆ ಬಂದೆ. ಆ ದೃಶ್ಯ ಇಲ್ಲ ಅಂತ ಮೇಡಂಗೆ ಹೇಳಿಬಂದಿದ್ದೀನಿ. ಬೇಕೇ ಬೇಕು ಅಂದರೆ ನಾಟಕ ವಾಪಸ್ ತಗೋತೀನಿ ಅಂದೆ. ಅವರು..." ಅಷ್ಟರಲ್ಲಿ ಆತನ ಕಣ್ಣು ಮೇಜಿನ ಮೇಲೆ ಬಿತ್ತು. "ಏನಾಯ್ತು?"

"ನಿಮ್ಮ ನಾಟಕದಲ್ಲಿ ಬರೆದ ಹಾಗೇನೂ ಆಗಿಲ್ಲ," ಅಂದೆ. "ನಿಮಗೆ ಮೆಷಿನ್ನು ಎದ್ದು ನಿಲ್ಲುತ್ತೆ ಅಂತ ಭಯ. ನನಗೆ ನಿಂತುಹೋಗುತ್ತೆ ಅಂತ ಭಯ. ನಂದೇ ನಿಜವಾಯ್ತು ನೋಡಿ."

ಆತ ಪುಸ್ತಕ ತೆಗೆಯಲಿಲ್ಲ. ನಾನು ತೋರಿಸಿದ ಮೆಸೇಜಿನಲ್ಲಿದ್ದ ನಂಬರು ನೋಡಿ, ಪೆಟ್ಟಿಗೆಯ ಮೇಲೆ ಕೂತು, ನನ್ನ ಫೋನಿನಿಂದಲೇ ಕರೆ ಮಾಡಿದ. ಸ್ಪೀಕರಿನಲ್ಲಿ ಜೇನು ಸುರಿದಂಥ ದನಿ ಬಂತು. ಮನುಷ್ಯರದ್ದಲ್ಲ.

"ನಮಸ್ಕಾರ. ನಿಮಗೆ ಹೇಗೆ ನೆರವಾಗಲಿ?"

"ಕೈ ನಿಂತುಹೋಗಿದೆ."

"ನಿಮ್ಮ ಕೈಗೆ ತೊಂದರೆಯಾಗಿದ್ದರೆ ಕೂಡಲೇ ವೈದ್ಯರನ್ನು ಕಾಣಿ."

"ನನ್ನ ಕೈ ಅಲ್ಲ. ಇವರ ಕೈ."

"ಇನ್ನೊಬ್ಬರ ಕೈ ನಿಮ್ಮ ಬಳಿ ಇದ್ದಲ್ಲಿ, ದಯವಿಟ್ಟು ವಾರಸುದಾರರಿಗೆ ಹಿಂದಿರುಗಿಸಿ."

ಆತ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ನೋಡಿ, ನಾನು ಮನುಷ್ಯರ ಹತ್ತಿರ ಮಾತಾಡಬೇಕು."

"ಕ್ಷಮಿಸಿ. 'ಮನುಷ್ಯರು' ಎಂಬ ಹೆಸರಿನ ಸೇವೆ ನಮ್ಮ ಪಟ್ಟಿಯಲ್ಲಿ ಇಲ್ಲ."

ಒಂದು ಗಂಟೆ ಇದೇ ನಡೆಯಿತು. ಯಂತ್ರವೆಂದರೆ ಮೈ ಪರಚಿಕೊಳ್ಳುವ ಮನುಷ್ಯ, ಶರಟಿನ ತೋಳು ಮಡಚಿಕೊಂಡು, ಯಂತ್ರದ ಜೊತೆ ಒಂದು ಗಂಟೆ ಕಾಲ ಬಹುವಚನದಲ್ಲೇ ಜಗಳವಾಡಿದ. ನನಗೆ ಅಳು ಬರುವುದರಲ್ಲಿತ್ತು, ಅದರ ಬದಲು ನಗು ಬಂತು. ಆತ ಅವಮಾನದಿಂದ ನನ್ನ ಕಡೆ ನೋಡಿದ. ಆಗಲೇ ಫೋನಿನ ದನಿ ಹೇಳಿತು:

"ಗಾಬರಿಯಾಗಬೇಡಿ. ಸಾಧನವನ್ನು ಒಂದು ಗಳಿಗೆ ಸುಮ್ಮನೆ ಬಿಡಿ. ಅದಕ್ಕೂ ನಿಮಗೂ ಸ್ವಲ್ಪ ವಿಶ್ರಾಂತಿ ಸಿಗಲಿ."

ಆತ ಫೋನನ್ನೇ ದಿಟ್ಟಿಸಿದ.

"ಈ ವಾಕ್ಯ ನಂದು," ಅಂದ.

"ಯಾವುದು?"

"ಇದೇ. ಮೂಲದಲ್ಲಿ 'ಆಫ್ ಮಾಡಿ, ಕಾಯಿರಿ' ಅಂತ ಅಷ್ಟೇ ಇತ್ತು. ಅವತ್ತು ಯಾಕೋ ಮನಸ್ಸು ಚೆನ್ನಾಗಿತ್ತು, ಉದ್ದ ಮಾಡಿದೆ. ಎಡಿಟರ್ ಬೈದರು, ಆದರೆ ತೆಗೀಲಿಲ್ಲ." ಆತ ಬಗ್ಗಿ ಮೇಜಿನ ಮೇಲಿನ ಕೈಯನ್ನು ನೋಡಿದ. "ಇದರ ಮಾಡೆಲ್ ನಂಬರ್ ಎಷ್ಟು?"

ಹೇಳಿದೆ. ಆತ ಕಣ್ಣು ಮುಚ್ಚಿಕೊಂಡು, ಮಗ್ಗಿ ಒಪ್ಪಿಸುವವರ ಹಾಗೆ ಹೇಳತೊಡಗಿದ. "ಅರವತ್ತೆರಡನೇ ಪುಟ. ಬೆರಳುಗಳು ಬಿಗಿದುಕೊಂಡಲ್ಲಿ ಮಣಿಕಟ್ಟಿನ ಒಳಬದಿಯ ಮುಚ್ಚಳವನ್ನು ಸರಿಸಿ, ಸಣ್ಣ ರಂಧ್ರದಲ್ಲಿ ಸೂಜಿ ತೂರಿಸಿ, ಮೂರು ಎಣಿಸಿ."

ಸೂಜಿಗೆ ನನ್ನ ಕೋಣೆಯಲ್ಲಿ ಬರವಿರಲಿಲ್ಲ. ಮೂರು ಎಣಿಸಿದೆವು, ಇಬ್ಬರೂ ಒಟ್ಟಿಗೆ. ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಕೋಟು ಮೆಲ್ಲಗೆ ಜಾರಿ ಆತನ ತೊಡೆಯ ಮೇಲೆ ಬಿತ್ತು.

"ನೀವು ಮ್ಯಾನ್ಯುಯಲ್ ಓದಿರಲಿಲ್ವಾ?"

"ಅದನ್ನ ಯಾರು ಓದ್ತಾರೆ?"

"ಹನ್ನೊಂದು ವರ್ಷವೂ ನನಗೆ ಅದೇ ಅನುಮಾನ ಇತ್ತು." ಆತ ಬೂದು ಬಟ್ಟೆಯನ್ನು ಮಡಚುತ್ತ ತಲೆ ತಗ್ಗಿಸಿದ. "ನಮಗೆ ಚಿತ್ರ ಕಳಿಸ್ತಿರಲಿಲ್ಲ, ಬರೀ ಅಕ್ಷರ. ಇಡೀ ಪುಸ್ತಕದಲ್ಲಿ ಸಾಧನ, ಸಾಧನ ಅಂತಲೇ ಬರೆದೆ. ಅದು ಕೈ ಅಂತ ಗೊತ್ತಿತ್ತು. ಯಾರದೋ ಒಬ್ಬರದು ಅಂತ ಒಂದು ಸಲವೂ ಹೊಳೀಲಿಲ್ಲ. ನಾನೂ ಮೆಷಿನ್ ಥರಾನೇ ಮಾಡಿದ್ದೆ ಆ ಕೆಲಸಾನ."

ಇಷ್ಟು ದಿನದಲ್ಲಿ ಆತ ಹೇಳಿದ ಮಾತುಗಳಲ್ಲಿ ನನಗೆ ಬೈಯಲು ಆಗದ ಮೊದಲ ಮಾತು ಅದು.

ಮರುದಿನ ಬೆಳಿಗ್ಗೆ ಕೊನೆಗೂ ಆತ ಒಬ್ಬ ನಿಜವಾದ ಮನುಷ್ಯನನ್ನು ಫೋನಿನಲ್ಲಿ ಹಿಡಿದ. ಕಂಪನಿಯನ್ನು ಬೇರೆಯವರು ಕೊಂಡಿದ್ದರು, ಹಳೆಯ ಕೈಗಳೆಲ್ಲ ಅವರಿಗೆ ಬೇಡದವು. ಆದರೆ ರಿಪೇರಿ ವಿಭಾಗದಲ್ಲಿ ಇನ್ನೂ ಒಬ್ಬರು ಉಳಿದಿದ್ದರು. ಪಾರ್ಸೆಲ್ ಮಾಡಿ, ಕಂಪನಿ ಜೊತೆಗಿನ ಸಂಪರ್ಕ ಕತ್ತರಿಸಿ ಕೊಡ್ತೀನಿ, ಆಮೇಲೆ ಅದು ಯಾರ ಅಪ್ಪಣೆಗೂ ಕಾಯಲ್ಲ, ಒಂದು ವಾರ ಬೇಕು ಎಂದರು. ಕಳಿಸಿದೆವು.

ಐದು ಕೋಟು, ಎಂಟು ದಿನ, ಒಂದು ಕೈ.

"ನಾನು ಹಿಡ್ಕೋತೀನಿ," ಅಂದ ಆತ.

"ಏನನ್ನ?"

"ಬಟ್ಟೆಯನ್ನ. ಅಷ್ಟೇ ಅಲ್ವಾ ಅದು ಮಾಡ್ತಿದ್ದಿದ್ದು?"

ಅಷ್ಟೇ ಎಂದು ಹೇಳಿದವಳು ನಾನೇ. ಮೇಜಿನ ಎಡಗಡೆ ಸ್ಟೂಲು ಹಾಕಿ ಕೂರಿಸಿದೆ. ಆ ವಾರದ ಬಗ್ಗೆ ಏನು ಹೇಳಲಿ. ಹಿಡೀರಿ ಅಂದಾಗ ಎಳೆಯುತ್ತಿದ್ದ, ಬಿಡಿ ಅಂದಾಗ ಇನ್ನೂ ಗಟ್ಟಿ ಹಿಡಿಯುತ್ತಿದ್ದ. ಸೀಮೆಸುಣ್ಣದ ಗೆರೆಯ ಮೇಲೆ ಹೆಬ್ಬೆರಳಿಟ್ಟು ಗೆರೆಯನ್ನೇ ಅಳಿಸುತ್ತಿದ್ದ. ಕಚ್ಚಾ ಹೊಲಿಗೆ ಹಾಕುವಾಗ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ, ಅದೂ ಬೇಕಂತಲೇ ಅಲ್ಲಿ ಬೆರಳಿಟ್ಟ ಹಾಗೆ. ಎಲ್ಲಕ್ಕಿಂತ ಹೆಚ್ಚಾಗಿ, ಮಾತಾಡುತ್ತಿದ್ದ.

"ನಿಮಗಿಂತ ಮೆಷಿನ್ನೇ ವಾಸಿ," ಅಂದೆ ಎರಡನೇ ದಿನ. "ಅದು ಬಾಯಿ ಮುಚ್ಕೊಂಡು ಹಿಡೀತಿತ್ತು."

"ಅದಕ್ಕೆ ನಿಮ್ಮ ಹತ್ತಿರ ಹೇಳೋದು ಏನೂ ಇರಲಿಲ್ಲ."

"ನಿಮಗೆ ಏನಿದೆ?"

ಆತ ಸುಮ್ಮನಾದ. ಸುಮ್ಮನಿರಿ ಎಂದು ಎರಡು ದಿನದಿಂದ ಬಡಿದುಕೊಂಡಿದ್ದೆ. ಈಗ ಸುಮ್ಮನಾದರೆ ಕೋಣೆಯಲ್ಲಿ ಬರೀ ಅದೇ ಕೇಳಿಸುತ್ತಿತ್ತು. ಆತನ ಕಿವಿಯ ತುದಿ ಕೆಂಪಾಗಿತ್ತು. ಅಂಗಿಯ ಕಾಲರಿನ ಹತ್ತಿರ ಒಂದು ದಾರ ಅಂಟಿಕೊಂಡಿತ್ತು. ತೆಗೆಯಲೆಂದು ಕೈ ಚಾಚಿದೆ. ಆತ ತಿರುಗಿ ನೋಡಿದ. ದಾರ ಅಲ್ಲೇ ಉಳಿಯಿತು.

"ಗೆರೆ ಮೇಲಿಂದ ಬೆರಳು ತೆಗೀರಿ," ಅಂದೆ. ಬೆರಳು ಗೆರೆಯ ಹತ್ತಿರವೂ ಇರಲಿಲ್ಲ.

ನಾಲ್ಕನೇ ದಿನ ಆತ ಎರಡು ಹಾಳೆ ತಂದು ನನ್ನ ಮುಂದಿಟ್ಟ. ನಾಟಕದ ಹೊಸ ಕೊನೆ. ಯಂತ್ರದ ಕೈಯ ಹೆಂಡತಿ ಸಂಜೆ ಮನೆಗೆ ಬರುತ್ತಾಳೆ. ಗಂಡ ಗೋಡೆಗೆ ಒರಗಿ ನಿಂತಿದ್ದಾನೆ, ಹೆದರಿದ್ದಾನೆ. ಅವಳು ಒಣಗಿದ ಹೊದಿಕೆಯ ಒಂದು ತುದಿಯನ್ನು ಅವನ ಕಡೆ ಎಸೆದು, ಹಿಡಿ ಎನ್ನುತ್ತಾಳೆ. ಅವನು ಹಿಡಿಯುತ್ತಾನೆ, ಹೆದರಿಕೊಂಡೇ. ಇಬ್ಬರೂ ಮಡಚುತ್ತಾರೆ. ಪಾಲಕಿಯ ದನಿ ಹೊರಗೆ ಕರೆಯುತ್ತಲೇ ಇರುತ್ತದೆ.

"ಇದನ್ನ ಹಾಕಬಹುದಾ?" ಎಂದು ಕೇಳಿದ. "ಇದು ನಿಮ್ಮಿಂದ ಬಂದಿದ್ದು. ಬೇಡ ಅಂದರೆ ಹರಿದು ಹಾಕ್ತೀನಿ. ಇನ್ನೂ ಯಾರಿಗೂ ತೋರಿಸಿಲ್ಲ."

"ಅವನ ಭಯ ಯಾಕೆ ಹೋಗಿಲ್ಲ?"

"ನಂದೇ ಹೋಗಿಲ್ಲವಲ್ಲ. ಸುಳ್ಳು ಯಾಕೆ ಬರೀಲಿ?"

"ಅವಳು ಯಾಕೆ ಇಷ್ಟು ಕಡಿಮೆ ಮಾತಾಡ್ತಾಳೆ?"

"ಅವಳಿಗೆ ಅವನ ಮೇಲೆ ಸಿಟ್ಟಿದೆ."

ಇನ್ನೊಂದು ಸಲ ಓದಿದೆ. ಅಕ್ಷರಗಳು ಸ್ವಲ್ಪ ಕಲಸಿದಂತೆ ಕಂಡವು. "ಹಾಕಿ," ಅಂದೆ. "ಆದರೆ ಹೊದಿಕೆನ ಹೀಗೆ ಮಡಚಲ್ಲ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಅಷ್ಟೂ ಗೊತ್ತಿಲ್ಲವಾ?"

ಆ ಸಂಜೆ ಮನೆಯಲ್ಲಿ ನಾನು ಆತನನ್ನು ಬೈಯಲಿಲ್ಲ. ಅತ್ತಿಗೆ ಊಟ ಬಡಿಸುತ್ತ ಎರಡು ಸಲ ನನ್ನ ಮುಖ ನೋಡಿದಳು. "ಹುಷಾರಿಲ್ವಾ?" ಎಂದಳು.

ಏಳನೇ ದಿನ ಬೆಳಿಗ್ಗೆ ಪಾರ್ಸೆಲ್ ಬಂತು. ಕೈ ಹಾಕಿಕೊಂಡು ಸ್ನಾಯು ಬಿಗಿ ಮಾಡಿದೆ, ಬೆರಳು ಮುಚ್ಚಿತು. ಸಡಿಲ ಬಿಟ್ಟೆ, ತೆರೆಯಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಕೊನೆಯ ಕೋಟು ತೆಗೆದುಕೊಂಡೆ. ಒಂಬತ್ತಕ್ಕೆ ಸರಿಯಾಗಿ ಆತ ಬಂದ. ಸ್ಟೂಲಿನ ಕಡೆ ಹೊರಟವನು ನನ್ನ ಎಡಗೈ ನೋಡಿ ನಡುದಾರಿಯಲ್ಲೇ ನಿಂತ.

"ಬಂತಾ? ಒಳ್ಳೇದಾಯ್ತು," ಅಂದ. ಮುಖದಲ್ಲಿ ಸಂತೋಷವಿತ್ತು, ನಿಜವಾದ ಸಂತೋಷ. ಅದರ ಹಿಂದೆ ಇನ್ನೇನೋ ಇತ್ತು. "ಹಾಗಾದರೆ ನಾನು ಬರ್ತೀನಿ. ನಿಮ್ಮ ಕೆಲಸ ಬೇಗ ಮುಗಿಯುತ್ತೆ ಇನ್ನು."

"ಎಲ್ಲಿಗೆ?"

"ಇಲ್ಲಿ ನನ್ನಿಂದ ಇನ್ನೇನು ಕೆಲಸ?"

ಇಂಥ ಮನುಷ್ಯನಿಗೆ ಏನು ಹೇಳುವುದು? ಆರು ದಿನ ಪಕ್ಕದಲ್ಲಿ ಕೂತು ನನ್ನ ಉಸಿರಿನ ಲೆಕ್ಕ ಹಿಡಿಯುವಷ್ಟು ಹತ್ತಿರ ಇದ್ದವನು, ಬಟ್ಟೆ ಹಿಡಿಯಲು ಮಾತ್ರ ಇದ್ದೆ ಎಂದುಕೊಂಡಿದ್ದ.

"ಕೂತ್ಕೊಳ್ಳಿ," ಅಂದೆ.

"ಬಟ್ಟೆ..."

"ಬಟ್ಟೆ ಮುಟ್ಟಬೇಡಿ. ಸುಮ್ಮನೆ ಕೂತ್ಕೊಳ್ಳಿ."

ಕೂತ. ಕೋಟು ಮುಗಿಯಲು ಮೂರು ಗಂಟೆ ಬೇಕಾಗಿತ್ತು, ಐದು ಗಂಟೆ ತೆಗೆದುಕೊಂಡೆ.

ಪ್ರದರ್ಶನ ಭಾನುವಾರ ಮಧ್ಯಾಹ್ನ ಮೂರಕ್ಕೆ. ಹನ್ನೆರಡು ಬೂದು ಕೋಟುಗಳು ದೀಪದ ಕೆಳಗೆ ಸಾಲಾಗಿ ನಿಂತಾಗ ನಾನು ಪಕ್ಕದ ಪರದೆಯ ಹಿಂದೆ ನಿಂತು ಹೊಲಿಗೆಗಳನ್ನೇ ನೋಡುತ್ತಿದ್ದೆ. ಕೊನೆಯ ದೃಶ್ಯ ಬಂತು. ನಾಯಕಿ ಹೊದಿಕೆಯ ತುದಿ ಎಸೆದಳು. ಗಂಡ ಬಹಳ ಹೊತ್ತು ಅದನ್ನು ನೋಡಿದ, ಆಮೇಲೆ ಬಗ್ಗಿ ಎತ್ತಿಕೊಂಡ. ಹಾಲಿನಲ್ಲಿ ಯಾರೂ ನಡುಗಲಿಲ್ಲ. ಹಿಂದಿನ ಸಾಲಿನಲ್ಲಿ ಅತ್ತಿಗೆ ಮೂಗು ಒರೆಸಿಕೊಳ್ಳುತ್ತಿದ್ದುದು ನನಗೆ ಕಂಡಿತು. ಪಕ್ಕದಲ್ಲಿ ಅಣ್ಣ ಅವಳಿಗೆ ಕರವಸ್ತ್ರ ಕೊಟ್ಟು, ಆಮೇಲೆ ಅದನ್ನು ವಾಪಸು ಕೇಳಿ ಇಸಕೊಂಡ.

ಎಲ್ಲ ಮುಗಿದಾಗ ಐದೂವರೆ. ಕೋಟುಗಳನ್ನು ಹ್ಯಾಂಗರಿಗೆ ಹಾಕಿ ಹೊರಬಂದರೆ ಬಿಸಿಲು ಇನ್ನೂ ಇತ್ತು. ಅಣ್ಣ ಅತ್ತಿಗೆ ಮುಂಚೆಯೇ ಹೊರಟುಹೋಗಿದ್ದರು. ಅದು ಅತ್ತಿಗೆಯ ಕೆಲಸ ಎಂದು ಗೊತ್ತಾಯಿತು. ಆತ ನನ್ನ ಜೊತೆ ಬಸ್ ನಿಲ್ದಾಣದವರೆಗೆ ನಡೆದು ಬಂದ. ಬೆಂಚಿನ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡ.

"ನಿಮಗೆ ಬೇಜಾರಿಲ್ಲ ಅಂದರೆ, ಅಂದರೆ ಒಂದು ವೇಳೆ, ನಾನು ತುಂಬಾ ದಿನದಿಂದ ಯೋಚನೆ ಮಾಡಿ..."

ಬಸ್ಸು ಬಂತು. ನಾನು ಹತ್ತಲಿಲ್ಲ. ಬಸ್ಸು ಹೋಯಿತು.

"ಯೋಚನೆ ಮಾಡಿ?"

"ಯೋಚನೆ ಅನ್ನೋದಕ್ಕಿಂತ, ಒಂದು ರೀತಿಯ ಅರಿವು ಅನ್ನಬಹುದು. ಮನುಷ್ಯ ಅಂದರೇನು ಅಂತ ನಾನು ಇಷ್ಟು ದಿನ..."

ಎರಡನೇ ಬಸ್ಸೂ ಬಂದು ಹೋಯಿತು. ಕಂಡಕ್ಟರ್ ನಮ್ಮನ್ನು ವಿಚಿತ್ರವಾಗಿ ನೋಡಿದ. ಆತ ಈಗ ಮನುಷ್ಯತ್ವದಿಂದ ಭಾಷೆಗೆ ಬಂದಿದ್ದ. ಭಾಷೆಯಿಂದ ನನ್ನ ಹತ್ತಿರ ಬರಲು ಇನ್ನೂ ಎಷ್ಟು ಬಸ್ಸು ಬೇಕೋ ದೇವರೇ ಬಲ್ಲ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ರೈಟರೇ, ನನಗೆ ನಿಮ್ಮ ಮೇಲೆ ಪ್ರೀತಿ ಇದೆ," ಅಂದೆ. "ಬಹಳ ತೊಂದರೆ ಕೊಡ್ತಿದೆ ಅದು. ಕೋಟು ಹೊಲಿಯೋಕೂ ಬಿಡ್ತಿಲ್ಲ. ಈಗ ನೀವು ಒಂದೇ ಮಾತಲ್ಲಿ ಹೇಳಿ."

ಆತ ನನ್ನನ್ನೇ ನೋಡಿದ. ಸೂರು ನೋಡಲಿಲ್ಲ, ಅಲ್ಲಿ ಸೂರೂ ಇರಲಿಲ್ಲ. ಕನ್ನಡಕದ ಹಿಂದೆ ಕಣ್ಣುಗಳು ತುಂಬಿಕೊಂಡಿದ್ದವು.

"ನನಗೂ," ಅಂದ.

"ಅಷ್ಟೇನಾ?"

"ಒಂದೇ ಮಾತು ಅಂದ್ರಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಮೂರನೇ ಬಸ್ಸಿಗೆ ಕಾಯದೆ ನಡೆದುಕೊಂಡೇ ಹೊರಟೆವು. ಹತ್ತು ಹೆಜ್ಜೆ ಹೋದಮೇಲೆ ಆತ ಬಹಳ ಧೈರ್ಯ ಮಾಡಿ, ಬಹಳ ಗೌರವದಿಂದ ನನ್ನ ಎಡಗೈಯನ್ನು ಹಿಡಿದುಕೊಂಡ. ಮುಖದಲ್ಲಿ ಏನೋ ದೊಡ್ಡದನ್ನು ಗೆದ್ದವನ ಕಳೆ. ಯಂತ್ರದ ಬೆರಳುಗಳ ಮೇಲೆ ಆತನ ಶಾಯಿ ಹತ್ತಿದ ಬೆರಳುಗಳು. ನಾನು ಒಂದು ಬೀದಿಯಷ್ಟು ದೂರ ಸಹಿಸಿಕೊಂಡೆ.

"ನೋಡಿ," ಅಂದೆ ಕೊನೆಗೆ. "ಅದರಲ್ಲಿ ನನಗೆ ಏನೂ ಗೊತ್ತಾಗಲ್ಲ. ಈ ಕಡೆ ಬನ್ನಿ."

ಆತ ಕೈ ಬಿಟ್ಟು, ನನ್ನ ಬೆನ್ನ ಹಿಂದಿನಿಂದ ಸುತ್ತಿಕೊಂಡು ಬಲಗಡೆಗೆ ಬಂದ.